ಜ್ವರದ ಕಾಲದ ಭಾಗೀರಥಿ ಮೇಡಂ

ಸಿಟ್ಟು ಬಂದರೆ ಭಾಗೀರಥಿ ಮೇಡಂ ಅವರ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಇಳಿದಿಳಿದು ಪಿಸುಮಾತಿನ ಹತ್ತಿರ ಬಂದು ನಿಲ್ಲುತ್ತಿತ್ತು. ಕೃಷ್ಣಮೂರ್ತಿಪುರಂನ ನಮ್ಮ ಲ್ಯಾಬಿನಲ್ಲಿ ಯಾರಾದರೂ ತಪ್ಪು ಮಾಡಿ ಅವರ ಕೋಣೆಗೆ ಹೋದರೆ ಹೊರಗೆ ಏನೂ ಕೇಳಿಸುತ್ತಿರಲಿಲ್ಲ. ನಮಗೆ ಹೆದರಿಕೆಯಾಗುತ್ತಿದ್ದದ್ದು ಅದಕ್ಕೇ. ಉಳಿದಂತೆ ಅವರ ಮಾತು ಬೀದಿಯವರೆಗೂ ಕೇಳುತ್ತಿತ್ತು. ನರಸೀಪುರದ ಕಡೆಯ ಒಕ್ಕಲು ಮನೆತನದಿಂದ ಬಂದು ಮೈಕ್ರೋಬಯಾಲಜಿಯಲ್ಲಿ ಎಂ.ಡಿ. ಮಾಡಿದವರು. ಡಾಕ್ಟರುಗಳ ಜೊತೆ ಇಂಗ್ಲಿಷಿನಲ್ಲಿ ವಾದ ಮಾಡಿ, ಫೋನ್ ಇಟ್ಟ ಮರುಕ್ಷಣವೇ ಊರ ಮಾತಿಗೆ ಹೊರಳುತ್ತಿದ್ದರು.

ನಾನು ಅಲ್ಲಿ ಟೆಕ್ನಿಷಿಯನ್. ಜ್ವರದವರ ಮೂಗಿನಿಂದ ಸ್ವ್ಯಾಬ್ ತೆಗೆದು ಫ್ಲೂ ಇದೆಯೇ ಎಂದು ಕಿಟ್‌ನಲ್ಲಿ ನೋಡುವುದು, ಮೈಯೊಳಗೆ ಉರಿಯೂತ ಎಷ್ಟಿದೆ ಎಂದು ತಿಳಿಸುವ ಸಿಆರ್‌ಪಿಯಂಥ ರಕ್ತಪರೀಕ್ಷೆಗಳನ್ನು ಯಂತ್ರಕ್ಕೆ ಹಾಕುವುದು ನನ್ನ ಕೆಲಸ. ರಿಪೋರ್ಟಿಗೆ ಸಹಿ ಮೇಡಂ ಅವರದು. ಸಹಿ ಹಾಕುವ ಮುಂಚೆ ಅವರು ಎದ್ದು ಹೋಗಿ ಬೆಂಚಿನ ಮೇಲೆ ಕಾಯುತ್ತಿರುವ ರೋಗಿಯನ್ನು ಒಮ್ಮೆ ನೋಡಿ ಬರುತ್ತಿದ್ದರು. ಲ್ಯಾಬಿನ ಡಾಕ್ಟರು ಹಾಗೆ ಮಾಡುವ ವಾಡಿಕೆಯಿಲ್ಲ. ಯಾಕೆಂದು ಕೇಳಿದ್ದಕ್ಕೆ, “ಜ್ವರ ಬಂದಿರೋದು ಕಾಗದಕ್ಕಲ್ಲ ಕಣಮ್ಮ” ಅಂದಿದ್ದರು.

ಒಂದು ಮಳೆಗಾಲದಲ್ಲಿ ಫ್ಲೂ ಊರೆಲ್ಲ ಹಬ್ಬಿತ್ತು. ರಾಜೀವನಗರದಲ್ಲಿ ಟೈರ್ ಅಂಗಡಿ ಇಟ್ಟಿದ್ದ ನನ್ನ ಅಣ್ಣ ಮಾದೇವ, ಅತ್ತಿಗೆ ಕಾವ್ಯಳನ್ನು ಆಟೋದಲ್ಲಿ ಲ್ಯಾಬಿಗೆ ಕರೆತಂದ. ಅತ್ತಿಗೆ ಏಳು ತಿಂಗಳ ಬಸುರಿ. ಜ್ವರ, ಮೈಕೈ ನೋವು, ಒಣಕೆಮ್ಮು. ಸ್ವ್ಯಾಬ್ ನಾನೇ ತೆಗೆದೆ, ರಕ್ತವನ್ನೂ ತೆಗೆದು ಯಂತ್ರಕ್ಕೆ ಹಾಕಿದೆ. ಕಿಟ್‌ನಲ್ಲಿ ಒಂದೇ ಗೆರೆ ಮೂಡಿತು, ನೆಗೆಟಿವ್. ಹೋದ ಜೀವ ಬಂದಂತಾಯಿತು. ಅಣ್ಣನಿಗೆ ಹೇಳಿಯೂಬಿಟ್ಟೆ. ಅವನು ಆಗಲೇ ಆಟೋ ಕರೆಯಲು ಹೊರಟ.

ಮೇಡಂ ಹೊರಗೆ ಬಂದು ಅತ್ತಿಗೆಯ ಮುಂದೆ ನಿಂತರು. “ಊಟ ಮಾಡ್ದ್ಯೇನಮ್ಮ?” ಎಂದು ಕೇಳಿದರು. ಅತ್ತಿಗೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ಉಸಿರು ಎಳೆದುಕೊಂಡಳು. ಮೇಡಂ ಅವಳ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಸಿಕ್ಕಿಸಿ, ನನ್ನ ಕಡೆ ನೋಡದೆಯೇ, “ಸಿಆರ್‌ಪಿ ಎಷ್ಟು ಬಂತು?” ಅಂದರು.

ಯಂತ್ರದ ಪರದೆಯ ಮೇಲೆ ಅಂಕಿ ಕೆಂಪಾಗಿ ನಿಂತಿತ್ತು. ಬಸುರಿಯರಲ್ಲಿ ಅದು ಸ್ವಲ್ಪ ಹೆಚ್ಚಿರುವುದುಂಟು. ಇದು ಸ್ವಲ್ಪವಾಗಿರಲಿಲ್ಲ.

“ಇವಳನ್ನ ಈಗ್ಲೇ ಆಸ್ಪತ್ರೆಗೆ ಸೇರಿಸ್ಬೇಕು” ಅಂದರು ಮೇಡಂ.

“ನೆಗೆಟಿವ್ ಬಂತಲ್ಲ ಮೇಡಂ? ಮನೆಗೆ ಕರ್ಕೊಂಡೋಯ್ತೀನಿ. ಈ ಟೈಮಲ್ಲಿ ಆಸ್ಪತ್ರೆಗೆ ಸೇರ್ಸುದ್ರೆ ಇಲ್ದಿರೋ ಕಾಯ್ಲೆ ಅಂಟ್ಕತದೆ” ಅಂದ ಅಣ್ಣ.

“ಈ ಕಿಟ್ಟು ಫ್ಲೂ ಇದೆ ಅಂದ್ರೆ ನಂಬ್ಬೋದು. ಇಲ್ಲ ಅಂದ್ರೆ ನಂಬಕಾಗಲ್ಲ, ಎಷ್ಟೋ ಸಲ ಫ್ಲೂ ಇದರ ಕಣ್ ತಪ್ಪಿಸ್ಬುಡ್ತದೆ. ಇನ್ನೊಂದ್ ಪರೀಕ್ಷೆ, ಪಿಸಿಆರ್ ಅಂತ, ಕಳಿಸ್ತೀನಿ. ಅದು ಬರೋದು ನಾಳೆ. ಅಲ್ಲೀಗಂಟ ಕಾಯಂಗಿಲ್ಲ.”

“ನಿಮ್ ಕಿಟ್ಟು ಇಲ್ಲ ಅಂತದೆ, ನೀವು ಇದೆ ಅಂತೀರಿ! ಯಾರ್ ಮಾತ್ ಕೇಳ್ಬೇಕು ನಾನು?”

ಅಣ್ಣನ ಕೂಗಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮೇಡಂ ದನಿ ಇಳಿಯಿತು.

“ನನ್ ಮಾತೂ ಬ್ಯಾಡ, ಕಿಟ್ಟಿನ್ ಮಾತೂ ಬ್ಯಾಡ. ಹೆಂಡ್ತಿ ಪಕ್ಕ ಕೂತ್ಕಂಡು ಅವಳ ಉಸಿರ್ ಕೇಳಪ್ಪ. ಆಮೇಲೆ ಎಲ್ಲಿಗ್ ಬೇಕಾದ್ರೂ ಕರ್ಕೊಂಡೋಗು.”

ಅಣ್ಣ ಧುಮುಗುಡುತ್ತಲೇ ಕುಳಿತ. ಅತ್ತಿಗೆಯ ಭುಜ ಏರುವುದು, ಇಳಿಯುವುದು, ಮತ್ತೆ ತಕ್ಷಣ ಏರುವುದು. ಸ್ವಲ್ಪ ಹೊತ್ತಿಗೆ ಅಣ್ಣನ ಮುಖದ ಬಣ್ಣವೇ ಬದಲಾಯಿತು. ಎದ್ದು ನಿಂತು, “ಎಲ್ಲಿಗೆ ಹೋಗ್ಬೇಕು ಹೇಳಿ” ಅಂದ.

ಮೇಡಂ ಅಷ್ಟರಲ್ಲಾಗಲೇ ಅತ್ತಿಗೆಯ ಡಾಕ್ಟರಿಗೆ ಫೋನ್ ಮಾಡಿ, ರಿಪೋರ್ಟಿಗೆ ಕಾಯದೆ ಫ್ಲೂ ಔಷಧಿ ಶುರುಮಾಡಿ ಎಂದು ಒಪ್ಪಿಸುತ್ತಿದ್ದರು. ಸಂಜೆಯ ಹೊತ್ತಿಗೆ ಅತ್ತಿಗೆಗೆ ಐಸಿಯುನಲ್ಲಿ ಆಕ್ಸಿಜನ್ ಹಾಕಿದ್ದರು. ಮರುದಿನ ಬಂದ ಪಿಸಿಆರ್ ರಿಪೋರ್ಟು ಪಾಸಿಟಿವ್. ಮನೆಗೆ ಕರೆದೊಯ್ದಿದ್ದರೆ ಏನಾಗುತ್ತಿತ್ತೆಂದು ನಾವಾರೂ ಬಾಯಿಬಿಟ್ಟು ಆಡಲಿಲ್ಲ.

ಅತ್ತಿಗೆ ಉಳಿದಳು. ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು. ಭಾಗೀರಥಿ ಎಂದು ಹೆಸರಿಡುತ್ತೇನೆಂದು ಅಣ್ಣ ಹಟ ಹಿಡಿದ. “ಆ ಮಗೀಗೆ ಯಾಕಪ್ಪ ಈ ಮುದುಕಿ ಹೆಸರು? ಚೆಂದಾಗಿರೋದು ಯಾವ್ದಾರ ಇಡು” ಎಂದು ಮೇಡಂ ಬೈದಿದ್ದಕ್ಕೆ ಚಾರ್ವಿ ಎಂದಾಯಿತು.

ಚಾರ್ವಿ ಅಂಗನವಾಡಿಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಲ್ಯಾಬಿಗೆ ಚಿಕ್ಕತಾಯಮ್ಮ ಎಂಬ ಹೆಸರಿನ ರಕ್ತದ ಟ್ಯೂಬು ಬರತೊಡಗಿತು. ಮೇಡಂ ತಾವೇ ತಂದುಕೊಡುತ್ತಿದ್ದರು. ಸಿಆರ್‌ಪಿ, ಫೆರಿಟಿನ್, ಉರಿಯೂತ ಹೇಳುವ ಯಾವ ಪರೀಕ್ಷೆ ಮಾಡಿದರೂ ಸಲದಿಂದ ಸಲಕ್ಕೆ ಏರಿಕೆಯೇ. ಫ್ಲೂ ಇಲ್ಲ, ಡೆಂಗಿ ಇಲ್ಲ, ಟೈಫಾಯಿಡ್ ಇಲ್ಲ.

“ಯಾರು ಮೇಡಂ ಈ ಚಿಕ್ಕತಾಯಮ್ಮ? ಒಂದ್ ಸಲಾನೂ ಬೆಂಚಿನ ಮೇಲೆ ನೋಡ್ಲಿಲ್ಲ.”

“ನಮ್ಮೂರೋಳು. ನಾನೇ ಮನೇಗೋಗಿ ರಕ್ತ ತಕಂಡ್ ಬತ್ತೀನಿ.”

“ಡಾಕ್ಟ್ರಿಗೆ ತೋರಿಸ್ಲಿ ಅಂತ ಹೇಳಿ. ಇದು ಸುಮ್ನೆ ಬಿಡೋ ಹಂಗಿಲ್ಲ.”

“ಹೇಳ್ದೆ. ಮಾತ್ ಕೇಳಾಕಿಲ್ಲ ಅವಳು” ಅಂದು ಒಳಗೆ ಹೋದರು.

ಒಂದು ಬೆಳಿಗ್ಗೆ ಟ್ಯೂಬನ್ನು ನನ್ನ ಕೈಗಿಟ್ಟು, ಫ್ರಿಜ್ಜಿನ ಮೇಲಿನ ಅರೆಯಿಂದ ಕಿಟ್ ಡಬ್ಬ ತೆಗೆಯಲು ಕೈ ಎತ್ತಿದರು. ತೋಳಿನ ಬಟ್ಟೆ ಸರಿಯಿತು. ಮೊಣಕೈ ಮಡಿಕೆಯಲ್ಲಿ ಹತ್ತಿ, ಅದರ ಮೇಲೆ ಅಂಟುಪಟ್ಟಿ. ಹತ್ತಿಯ ನಡುವೆ ಇನ್ನೂ ಆರದ ರಕ್ತ.

“ಮೇಡಂ, ಟ್ಯೂಬು ಇನ್ನೂ ಬೆಚ್ಚಗಿದೆ” ಅಂದೆ.

ಅವರು ತಿರುಗಲಿಲ್ಲ. ಡಬ್ಬವನ್ನು ಹಿಡಿದೇ ನಿಂತಿದ್ದರು. ನಾನು ಹೋಗಿ ಬಾಗಿಲು ಮುಚ್ಚಿ ಬಂದೆ.

“ಎಷ್ಟ್ ದಿನದಿಂದ ಜ್ವರ?”

“ಸಂಜೆ ಹೊತ್ತು ಬತ್ತದೆ, ಹೋಯ್ತದೆ. ಬೆವರಿ ಹಾಸಿಗೆಯೆಲ್ಲ ನೆನದೋಯ್ತದೆ.” ಅವರು ನನ್ನ ಬೆರಳು ಹಿಡಿದು ತಮ್ಮ ಕತ್ತಿನ ಪಕ್ಕಕ್ಕೆ ಒತ್ತಿಕೊಂಡರು. ಚರ್ಮದಡಿಯಲ್ಲಿ ಗಂಟು, ಗೋಲಿಯಷ್ಟು ದಪ್ಪ. “ಏನಂತ ನಂಗೊತ್ತು ಶಶಿ. ಗೊತ್ತಿರೋದ್ರಿಂದ್ಲೇ ಭಯ ಕಣೇ.”

ಅವರ ಬಾಯಲ್ಲಿ ಭಯ ಎಂಬ ಮಾತನ್ನು ಕೇಳಿದ್ದು ಅದೇ ಮೊದಲು. ಅವರ ಕೈಚೀಲ ತೆಗೆದು ನನ್ನ ಹೆಗಲಿಗೆ ಹಾಕಿಕೊಂಡೆ. “ನಡೀರಿ ಆಸ್ಪತ್ರೆಗೆ, ನಾನೂ ಬರ್ತೀನಿ” ಅಂದೆ. ಬೈಯುತ್ತಾರೆಂದುಕೊಂಡಿದ್ದೆ, ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡರು. ಚಿಕ್ಕತಾಯಮ್ಮ ಎಂಬುದು ತಮ್ಮ ತೀರಿಹೋದ ಅವ್ವನ ಹೆಸರೆಂದು ಆಟೋದಲ್ಲಿ ಹೇಳಿದರು.

ಗಂಟಿನ ಚೂರು ತೆಗೆದು ನೋಡಿದಾಗ ಅವರು ಎಣಿಸಿದ್ದೇ ಆಗಿತ್ತು: ದುಗ್ಧಗ್ರಂಥಿಯ ಕ್ಯಾನ್ಸರ್. ಆಗಲೇ ಬಹಳ ಹಬ್ಬಿತ್ತು. ಕೆಲಸ ಬಿಟ್ಟು ಒಂಟಿಕೊಪ್ಪಲ್‌ನಲ್ಲಿದ್ದ ತಮ್ಮನ ಮನೆಗೆ ಹೋದರು. ಔಷಧಿಯಿಂದ ಮೈಯ ರೋಗನಿರೋಧಕ ಶಕ್ತಿಯೇ ಕುಸಿದಿತ್ತು. ಯಾರನ್ನೂ ಹತ್ತಿರ ಬಿಡುವಂತಿರಲಿಲ್ಲ.

ಕೊನೆಯ ಸಲ ನಾನು, ಅಣ್ಣ, ಅತ್ತಿಗೆ, ಚಾರ್ವಿ ಹೋಗಿದ್ದೆವು. ಮಗುವಿಗೆ ನೆಗಡಿಯಾಗಿತ್ತೆಂದು ಅತ್ತಿಗೆ ಅವಳನ್ನು ಕಾಂಪೌಂಡಿನ ಗೇಟಿನಲ್ಲೇ ಹಿಡಿದುಕೊಂಡಳು. ಮೇಡಂ ಜಗಲಿಯ ಕಂಬಿಬಾಗಿಲ ಹಿಂದೆ ಮಾಸ್ಕ್ ಹಾಕಿಕೊಂಡು ಕುಳಿತಿದ್ದರು. ತಲೆಗೆ ಟವೆಲ್ ಸುತ್ತಿದ್ದರು. “ಅಲ್ಲಿಂದ್ಲೇ ಏನಾರ ಹಾಡು ಮಗ” ಅಂದರು. ಚಾರ್ವಿ ಬೀದಿಗೆಲ್ಲ ಕೇಳುವಂತೆ ಹಾಡಿದಳು. ನಡುವೆ ಕೆಮ್ಮಿದಳು.

“ಆ ಕೆಮ್ಮು ಯಾವತ್ತಿಂದ?” ಮೇಡಂ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

“ಮೊನ್ನೆಯಿಂದ ಮೇಡಂ. ಬರೀ ನೆಗಡಿ” ಅಂದ ಅಣ್ಣ.

“ಬರೀ ಅಂತ ನೀನೆಂಗೆ ಹೇಳ್ತಿ? ತೋರ್ಸ್ಕಂಡೇ ಮನೆಗೋಗು. ವಾಸಿಯಾದ್ಮ್ಯಾಲೆ ನಂಗೊಂದ್ ಫೋನ್ ಮಾಡೇ ಶಶಿ.”

ಅಣ್ಣ ಮನೆಗೆ ಹೋಗುವ ದಾರಿಯಲ್ಲೇ ಮಗುವನ್ನು ಡಾಕ್ಟರಿಗೆ ತೋರಿಸಿದ.

ಬರೀ ನೆಗಡಿಯೇ ಆಗಿತ್ತು. ವಾರದೊಳಗೆ ಕೆಮ್ಮು ನಿಂತಿತು. ಹೇಳೋಣವೆಂದು ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾದ ಮೇಲೆ ಅವರ ತಮ್ಮ ಎತ್ತಿಕೊಂಡರು. ಹಿಂದೆ ಹೆಂಗಸರ ಅಳು ಕೇಳಿಸುತ್ತಿತ್ತು.

“ಶಶಿ ಏನಮ್ಮ?” ಅಂದರು. “ಆ ಮಗು ಎಂಗದೆ ಅಂತ ನಿನ್ನೆ ಕೂಡ ಕೇಳ್ತಿದ್ಲು ಅಕ್ಕ.”