ಒಂದು ಗೀರೂ ಬೀಳದ ಕಾರು

ನಾನು ಹರಪನಹಳ್ಳಿಯ ದವಾಖಾನೆಯೊಂದರಲ್ಲಿ ಕಾಂಪೌಂಡರ್ ಆಗಿದ್ದಾಗ, ಡಾಕ್ಟರ ಕಾರಿಗೆ ಒಬ್ಬ ಡ್ರೈವರ್ ಇದ್ದ. ಗಾಡಿ ನಿಲ್ಲಿಸಿದಾಗಲೆಲ್ಲ ಅಂಗೈಯಿಂದ ಸವರಿ, "ಒಂದು ಗೀರಿಲ್ಲ ನೋಡ್ರಿ" ಎನ್ನುತ್ತಿದ್ದ. ಅಪಘಾತದ ಪರಿಹಾರ ಕೇಳದಿದ್ದುದಕ್ಕೆ ಡಾಕ್ಟರ ಕಾರಿನ ವಿಮೆಯ ಕಂತು ವರ್ಷವರ್ಷವೂ ಇಳಿಯಿತು; ಇವನ ಸಂಬಳ ಮಾತ್ರ ಏರಲಿಲ್ಲ.

ಒಮ್ಮೆ ಡಾಕ್ಟರ ಮಗ ತೆಲಿಗಿ ರಸ್ತೆಯಲ್ಲಿ ಕಾರನ್ನು ಮರಕ್ಕೆ ಗುದ್ದಿದ. ವಿಮೆಯ ಪರಿಹಾರ ಕೇಳಿದರೆ ಕಂತಿನ ರಿಯಾಯಿತಿ ಹೋಗುತ್ತದೆಂದು ಡಾಕ್ಟರು ರಿಪೇರಿಯ ಖರ್ಚನ್ನು ಡ್ರೈವರನ ಸಂಬಳದಲ್ಲಿ ಮುರಿದುಕೊಂಡರು.

"ಹುಡುಗನ ಕೈಗೆ ಕೀಲಿ ಕೊಟ್ಟಾವ ನೀನ ಅಲ್ಲೇನು?" ಎಂದರು ಡಾಕ್ಟರು.

"ಗುದ್ದಿದ್ದು ನನ್ನ ಹೆಸರಿಗಾದ್ರ, ಇಷ್ಟು ವರ್ಷ ಉಳಿಸಿದ್ದೂ ನನ್ನ ಹೆಸರಿಗೆ ಬರೀರಿ," ಎಂದ ಅವನು ಕೀಲಿಯನ್ನು ಮೇಜಿನ ಮೇಲಿಟ್ಟು ನನ್ನತ್ತ ನೋಡಿದ.

ಮಗನಿಗೆ ಕೀಲಿ ಕೊಡು ಎಂದು ಡಾಕ್ಟರೇ ಹೇಳಿದ್ದನ್ನು ನಾನು ಕೇಳಿದ್ದೆ. ಆದರೂ ತಲೆ ತಗ್ಗಿಸಿ ಮಾತ್ರೆ ಎಣಿಸುತ್ತಲೇ ಇದ್ದೆ.