ಉಡಕ್ಕೆ ಬಡಿಗೆ, ಬದನಿಕೆಗೆ ಕುಂಕುಮ

ಕುಷಾಯಿಗೂಡದ ನಮ್ಮ ಕ್ವಾರ್ಟರ್ಸಿನಲ್ಲಿ ಅಮ್ಮ ನೆಟ್ಟು ಬೆಳೆಸಿದ್ದ ಮಾವಿನ ಮರ ಸತ್ತದ್ದು, ಹಿತ್ತಲಿಗೆ ಉಡ ಹೊಕ್ಕ ದೋಷದಿಂದ ಎಂದು ಮನೆಯವರು ಈಗಲೂ ಹೇಳುತ್ತಾರೆ. ನಾನು ಕಂಡದ್ದು ಬೇರೆ. ಮೊಸಳೆಮರಿಯಷ್ಟಿದ್ದ ಆ ಉಡ ಇಲಿ ತಿಂದು ತನ್ನ ಪಾಡಿಗೆ ಹೋಗುತ್ತಿತ್ತು. ಮರದ ರಸ ಹೀರುತ್ತಿದ್ದದ್ದು ಕೊಂಬೆಗಳಿಗೆ ಅಂಟಿಕೊಂಡು ಬೆಳೆದ ಬದನಿಕೆ. ಅಪ್ಪ ಮಾತ್ರ ಅದರ ಕಡ್ಡಿಗೆ ಕುಂಕುಮ ಹಚ್ಚಿ ಬೀರುವಿನಲ್ಲಿಟ್ಟಿದ್ದರು.

"ಬದನಿಕಿ ಕಡಸ್ರಿ ಅಪ್ಪಾ, ಮರ ಸಾಯಾಕತ್ತೈತಿ," ಎಂದೆ.

"ಬದನಿಕಿ ಅಂದ್ರ ಲಕ್ಷ್ಮಿ. ಡಿಬೇಟ್ ಕಪ್ ಗೆದ್ದಿ ಅಂತ ಆಕಿ ಕೂಡಾನೂ ವಾದಾ ಮಾಡ್ತಿಯೇನ?"

ಮರುದಿನ ಅಪ್ಪ ಪಕ್ಕದ ಮನೆಯವರನ್ನು ಕರೆದು ಉಡವನ್ನು ಬಡಿದು ಕೊಂದರು. ಮುಂದಿನ ಬೇಸಿಗೆಯಲ್ಲಿ ಮರ ಪೂರ್ತಿ ಒಣಗಿತು. ಅಮ್ಮ ಅದರ ಬುಡಕ್ಕೆ ಇನ್ನೂ ನೀರು ಹಾಕುತ್ತಿದ್ದಳು.

"ಉಡ ಸತ್ತು ವರ್ಷಾತು. ಮತ್ತ ಮರ ಯಾಕ ಒಣಗಿತ್ರಿ, ಅಪ್ಪಾ?"