ಕಾಲುಚೀಲ ತೊಟ್ಟ ಅಂಜೂರ

ನಾನು ಬಾಡಿಗೆಗಿರುವ ಕಟ್ಟಡದ ಮಾಲೀಕರ ಹೆಸರು ಹನುಮಯ್ಯ. ಜಿಗಣಿ ಕೈಗಾರಿಕಾ ಪ್ರದೇಶದ ಹಿಂಬದಿಯ ರಸ್ತೆಯಲ್ಲಿ ಮೂರು ಮಹಡಿ, ಹದಿನೆಂಟು ರೂಮು. ಎಲ್ಲದರಲ್ಲೂ ಫ್ಯಾಕ್ಟರಿಗೆ ಹೋಗುವ ನಮ್ಮಂಥವರೇ. ಮೊದಲು ಅದೇ ಜಾಗದಲ್ಲಿ ಅವರು ರಾಗಿ, ಅವರೆ ಬೆಳೆಯುತ್ತಿದ್ದರಂತೆ. ಕಟ್ಟಡ ಎದ್ದ ಮೇಲೆ ಬೆಳೆಯುವುದಕ್ಕೆ ಏನೂ ಉಳಿಯಲಿಲ್ಲ. ಆದರೆ ಐದು ಗಂಟೆಗೆ ಏಳುವ ಅಭ್ಯಾಸ ಮಾತ್ರ ಹೋಗಲಿಲ್ಲ. ಎದ್ದು ಏನು ಮಾಡುವುದೆಂದು ತೋಚದೆ, ಪಾರ್ಕಿಂಗಿನಲ್ಲಿ ಅಡ್ಡಾದಿಡ್ಡಿ ನಿಂತ ನಮ್ಮ ಬೈಕುಗಳನ್ನು ಎಳೆದೆಳೆದು ಪೈರು ನಾಟಿ ಮಾಡಿದ ಹಾಗೆ ಸಾಲಾಗಿ ನಿಲ್ಲಿಸುತ್ತಿದ್ದರು.

ಅಂಜೂರ ಅವರ ಕೈಗೆ ಬಂದದ್ದು ಒಂದು ಮದುವೆಯಲ್ಲಿ. ಈಚೆಗೆ ಛತ್ರಗಳಲ್ಲಿ ತಾಂಬೂಲದ ಜೊತೆ ಸಸಿ ಕೊಡುತ್ತಾರಲ್ಲ, ಹಾಗೆ. ಅವರ ಹೆಂಡತಿ ಚಿಕ್ಕಮುನಿಯಮ್ಮನವರಿಗೆ ಕರಿಬೇವು ಸಿಕ್ಕಿತು. ಇವರಿಗೆ ಸಿಕ್ಕಿದ್ದು ಎರಡೇ ಎಲೆಯ ಒಂದು ಕಡ್ಡಿ. ಬದಲಿಸಿಕೊಡಿ ಎಂದು ಕೇಳಲು ಹೋದರೆ ಹಂಚುವವರೇ ಊಟಕ್ಕೆ ಕೂತುಬಿಟ್ಟಿದ್ದರು. ಸರಿ, ತಂದರು. ಕರಿಬೇವು ಹದಿನೈದು ದಿನಕ್ಕೆ ಒಣಗಿತು. ಕಡ್ಡಿ ಚಿಗುರಿತು.

ಚಿಗುರಿದ ಗಿಡವನ್ನು ಸವರಿದರೆ ಮಾತ್ರ ಕಾಯಿ ಕಚ್ಚುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಅವರು ಕೊಂಬೆಗಳನ್ನು ಕತ್ತರಿಸಿದರು. ಅಲ್ಲಿಂದ ಶುರುವಾಯಿತು. ಕತ್ತರಿಸಿದ ತುಂಡುಗಳಲ್ಲಿ ಹಾಲು ಒಸರುತ್ತಿತ್ತು. ಹಾಲು ಒಸರುವುದೆಂದರೆ ಜೀವ ಇದೆ ಎಂದರ್ಥ, ಜೀವ ಇರುವುದನ್ನು ಕಸದ ಗಾಡಿಗೆ ಹಾಕುವುದು ಹೇಗೆ? ಎಂಟು ತುಂಡನ್ನೂ ಎಂಟು ಪೇಂಟ್ ಬಕೆಟ್ಟಿನಲ್ಲಿ ನೆಟ್ಟರು. ಎಂಟೂ ಬೇರುಬಿಟ್ಟವು. ಮುಂದಿನ ವರ್ಷ ಆ ಎಂಟನ್ನು ಸವರಿದಾಗ ಐವತ್ತು ತುಂಡಾದವು. ಐವತ್ತೂ ಹತ್ತಿದವು. ಬೇರೆಯವರ ಗಿಡ ಸಾಯುತ್ತದೆ, ಇವರ ಗಿಡಕ್ಕೆ ಸಾಯಲು ಬರುತ್ತಲೇ ಇರಲಿಲ್ಲ.

ನಾಲ್ಕನೇ ವರ್ಷಕ್ಕೆ ತಾರಸಿಯ ಮೇಲೆ ನೂರ ಅರವತ್ತಕ್ಕೂ ಹೆಚ್ಚು ಗಿಡಗಳಿದ್ದವು. ಅಷ್ಟಕ್ಕೆ ಪೇಂಟ್ ಬಕೆಟ್ ಎಲ್ಲಿ ಸಿಗಬೇಕು? ಗುಜರಿ ಅಂಗಡಿಯವನು ಕೊಟ್ಟದ್ದೆಲ್ಲ ಕುಂಡವಾಯಿತು. ವಾಷಿಂಗ್ ಮೆಷಿನ್ನಿನ ಒಳಡಬ್ಬ, ತಳ ತೂತಾದ ಕುಕ್ಕರ್, ಒಂದು ಹಳೇ ಕಮೋಡು, ಬೆಲ್ಟು ಕಿತ್ತುಹೋದ ಹೆಲ್ಮೆಟ್ಟು. ಪಾತ್ರೆ ಯಾವುದೋ ಗಿಡಕ್ಕೆ ಅದೇ ಹೆಸರು. ಒಮ್ಮೆ ಅವರು ಮೇಲಿನಿಂದ "ಕುಕ್ಕರ್ ಒಣಗ್ತೈತೆ, ನೀರು ತತ್ತಾ" ಎಂದು ಕೂಗಿದ್ದಕ್ಕೆ ಚಿಕ್ಕಮುನಿಯಮ್ಮ ಅಡುಗೆಮನೆಗೆ ಓಡಿ ಗ್ಯಾಸ್ ಆರಿಸಿದ್ದರು. ಅವತ್ತು ಎಲ್ಲರೂ ಬೇಯದ ಅನ್ನ ತಿಂದರಂತೆ. ಬಾಡಿಗೆಗೆ ಬರುವವರಿಗೆ ಒಂದೇ ಒಂದು ಷರತ್ತಿತ್ತು, ಅಕ್ಕಿ ತೊಳೆದ ನೀರನ್ನು ಚೆಲ್ಲಬಾರದು, ಬಾಗಿಲ ಹೊರಗೆ ಚೊಂಬಿನಲ್ಲಿ ಇಡಬೇಕು. ಬೆಳಗಿನ ಶಿಫ್ಟಿಗೆ ಹೊರಟವರು ಹದಿನೆಂಟು ಚೊಂಬು ದಾಟಿಕೊಂಡು ಮೆಟ್ಟಿಲಿಳಿಯುತ್ತಿದ್ದೆವು.

ಆ ವರ್ಷದ ಬೇಸಿಗೆಯಲ್ಲಿ ಮೊದಲ ಸಲ ಕಾಯಿಗಳು ಹಣ್ಣಿಗೆ ತಿರುಗಿದವು. ತಿರುಗಿದ ದಿನವೇ ಪಿಕಳಾರ ಹಕ್ಕಿಗಳು ಬಂದವು. ಹನುಮಯ್ಯನವರು ಹಣ್ಣಿಗೆ ಪೇಪರ್ ಸುತ್ತಿದರು, ಗಾಳಿಗೆ ಹಾರಿಹೋಯಿತು. ಪ್ಲಾಸ್ಟಿಕ್ ಕವರ್ ಕಟ್ಟಿದರು, ಒಳಗೇ ಬೆಂದಿತು. ತಾವೇ ಕೋಲು ಹಿಡಿದು ನಿಂತರು. ಮಧ್ಯಾಹ್ನದ ಬಿಸಿಲಿಗೆ ತಲೆ ಸುತ್ತಿ ಕಮೋಡಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

ಒಂದು ದಿನ ಮೂರನೇ ಮಹಡಿಯಲ್ಲಿ ನಾವು ಬಟ್ಟೆ ಒಣಹಾಕುವ ಜಾಗದಲ್ಲಿ ಒಂಟಿ ಕಾಲುಚೀಲ ನೆಲಕ್ಕೆ ಬಿದ್ದಿತ್ತು. ಯಾರದೋ ಏನೋ, ಆಮೇಲೆ ಕೇಳಿ ಕೊಟ್ಟರಾಯಿತೆಂದು ಎತ್ತಿಕೊಂಡ ಹನುಮಯ್ಯ ತಾರಸಿಗೆ ಹೋದವರು, ಕೈಯಲ್ಲಿ ಚೊಂಬಿದ್ದುದರಿಂದ ಅದನ್ನು ಸುಮ್ಮನೆ ಒಂದು ಹಣ್ಣಿಗೆ ತೊಡಿಸಿ ನೀರು ಹಾಕತೊಡಗಿದರು. ಪಿಕಳಾರವೊಂದು ಬಂದು ಆ ಕೊಂಬೆಯ ಮೇಲೆ ಕೂತಿತು. ಕಾಲುಚೀಲದ ಹತ್ತಿರ ಕೊಕ್ಕು ಒಯ್ದಿತು. ಮುಖ ತಿರುಗಿಸಿಕೊಂಡು ಹಾರಿಹೋಯಿತು.

ಅದು ದಿನಕ್ಕೆ ಎಂಟು ಗಂಟೆ ಸೇಫ್ಟಿ ಶೂ ಒಳಗಿರುವ ಕಾಲುಚೀಲ. ಎಷ್ಟು ಒಗೆದರೂ ಅದರ ಗುಣ ಪೂರ್ತಿ ಹೋಗುವುದಿಲ್ಲ.

ಹನುಮಯ್ಯನವರು ಜೀವಮಾನದಲ್ಲಿ ಚಪ್ಪಲಿ ಬಿಟ್ಟು ಬೇರೇನೂ ಹಾಕಿದವರಲ್ಲ. ಕಾಲುಚೀಲ ಜೊತೆಯಾಗಿದ್ದರೆ ಮಾತ್ರ ಉಪಯೋಗ ಎಂಬುದು ಅವರ ಮನಸ್ಸಿಗೆ ಅಷ್ಟಾಗಿ ತಟ್ಟಲಿಲ್ಲ. ಒಂದು ತೆಗೆದರೆ ಇನ್ನೊಂದು ಇದ್ದೇ ಇದೆಯಲ್ಲ ಎಂದು, ಪಾಪ, ಯಾರಿಗೂ ಪೂರ್ತಿ ಅನ್ಯಾಯವಾಗದಂತೆ ಪ್ರತಿ ಜೊತೆಯಿಂದ ಒಂದೊಂದೇ ತೆಗೆದುಕೊಂಡರು. ಎರಡು ವಾರದಲ್ಲಿ ನಲವತ್ತೊಂದು.

ಕಟ್ಟಡದಲ್ಲಿ ಗಲಾಟೆ ಶುರುವಾಯಿತು. ಎರಡನೇ ಮಹಡಿಯ ಮುದಕಪ್ಪ ಕೊಪ್ಪಳದ ಕಡೆಯವನು, ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಕೆಲಸ. ಒಂದು ಕಾಲಿಗೆ ಕರಿ, ಇನ್ನೊಂದಕ್ಕೆ ಹೆಂಡತಿಯ ಗುಲಾಬಿ ಕಾಲುಚೀಲ ಹಾಕಿಕೊಂಡು ಹೋಗಿ, ಸೇಫ್ಟಿ ತಪಾಸಣೆಯ ದಿನ ಎಲ್ಲರೆದುರು ಪ್ಯಾಂಟ್ ಎತ್ತಿ ತೋರಿಸಬೇಕಾಗಿ ಬಂದಿತ್ತು. ಅವನು ಓನರ್ ಹತ್ತಿರ ದೂರು ಒಯ್ದ. ದೂರು ಬಂದ ಮೇಲೆ ವಿಚಾರಣೆ ಮಾಡದಿರಲಾಗುವುದೇ? ಭಾನುವಾರ ಪಾರ್ಕಿಂಗಿನಲ್ಲಿ ಸಭೆ ಸೇರಿತು. ಹನುಮಯ್ಯನವರೇ ಅಧ್ಯಕ್ಷರು.

ನಾನು ಕ್ವಾಲಿಟಿ ವಿಭಾಗದವನು, ಹಾಗಾಗಿ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬಣ್ಣ, ಉದ್ದ, ಎಲಾಸ್ಟಿಕ್ ಸ್ಥಿತಿ, ಎಡಗಾಲಿನದೋ ಬಲಗಾಲಿನದೋ ಎಂದು ಕಾಲಂ ಹಾಕಿದ್ದೆ. ಕಾಲುಚೀಲಕ್ಕೆ ಎಡ ಬಲ ಇರುತ್ತದೆಯೇ ಎಂಬ ಪ್ರಶ್ನೆಯಲ್ಲೇ ಅರ್ಧ ಗಂಟೆ ಹೋಯಿತು. ಹನುಮಯ್ಯ ಗಂಭೀರವಾಗಿ ಎಲ್ಲವನ್ನೂ ಕೇಳಿಸಿಕೊಂಡರು, ನಡುನಡುವೆ ತಲೆಯಾಡಿಸಿದರು, ಕೊನೆಗೆ ಇದು ಕೋತಿಯ ಕೆಲಸವಿರಬೇಕು ಎಂದು ತೀರ್ಪು ಕೊಟ್ಟರು. ಜಿಗಣಿ ಕೋತಿ ಬರದ ಊರೇನಲ್ಲ. ಆದರೆ ಬಾಳೆಹಣ್ಣು ಬಿಟ್ಟು ಕಾಲುಚೀಲ ಒಯ್ಯುವ ಕೋತಿ ಎಂಥದ್ದು ಎಂದು ನಾನು ಕೇಳಿದ್ದಕ್ಕೆ, ಈಗಿನ ಕಾಲದ ಕೋತಿಗಳ ಬುದ್ಧಿ ಯಾರಿಗೆ ಗೊತ್ತು ಎಂದು ಎದ್ದುಹೋದರು.

ಸತ್ಯ ಗೊತ್ತಾದದ್ದು ಮುದಕಪ್ಪನ ಹೆಂಡತಿ ಮಲಕವ್ವನಿಗೆ. ತಾರಸಿಯ ಬಾಗಿಲಿಗೆ ಯಾವಾಗಲೂ ಬೀಗ, ಬೀಗದ ಕೈ ಹನುಮಯ್ಯನವರ ಸೊಂಟದ ಉಡಿದಾರದಲ್ಲಿ. ಆದರೆ ಬುಧವಾರ ಬುಧವಾರ ಅವರು ಸಕ್ಕರೆ ಕಾಯಿಲೆ ತೋರಿಸಲು ಆನೇಕಲ್ಲಿಗೆ ಹೋಗುತ್ತಿದ್ದರು. ಮನೆಯಲ್ಲಿದ್ದ ಇನ್ನೊಂದು ಬೀಗದ ಕೈಯನ್ನು ಚಿಕ್ಕಮುನಿಯಮ್ಮ ಮೆಣಸಿನಕಾಯಿ ಒಣಹಾಕಿಕೋ ಎಂದು ಮಲಕವ್ವನಿಗೆ ಕೊಟ್ಟರು. ಆಕೆ ಮೇಲೆ ಹೋಗಿ ನೋಡಿದರೆ, ಗಿಡಗಿಡಕ್ಕೂ ಕಾಲುಚೀಲ ನೇತಾಡುತ್ತಿವೆ. ಕೆಂಪು ಪಟ್ಟಿಯದು ತನ್ನ ಗಂಡನದೇ ಎಂದು ದೂರದಿಂದಲೇ ಗುರುತು ಸಿಕ್ಕಿತು. ಬಿಚ್ಚಿ ನೋಡಿದಳು. ಒಳಗೆ ಮಾಗಿದ ಅಂಜೂರ.

ಅವಳ ಅಪ್ಪನಿಗೆ ಅಂಜೂರದ ತೋಟವಿತ್ತು. ಜಿಗಣಿಗೆ ಬಂದ ಆರು ವರ್ಷದಲ್ಲಿ ಅವಳು ಗಿಡದಲ್ಲಿ ಹಣ್ಣಾದ ಅಂಜೂರ ಕಂಡಿರಲಿಲ್ಲ. ನಾಲ್ಕು ತಿಂದಳು, ಕಾಲುಚೀಲ ಮತ್ತೆ ಮೊದಲಿನಂತೆಯೇ ಕಟ್ಟಿದಳು, ಕೆಳಗಿಳಿದು ಬಂದಳು, ಯಾರಿಗೂ ಹೇಳಲಿಲ್ಲ. ಗಂಡನಿಗೂ. ಹೇಳಿದರೆ ಮುಂದಿನ ಬುಧವಾರದ ಹಣ್ಣು ಹೋಗುತ್ತದೆ.

ಹನುಮಯ್ಯನವರಿಗೆ ಖಾಲಿ ಕಾಲುಚೀಲಗಳು ಕಂಡವು. ಗಂಟು ಹಾಗೇ ಇದೆ, ಹಣ್ಣಿಲ್ಲ. ಗಂಟು ಬಿಚ್ಚಿ ಹಣ್ಣು ತಿಂದು ಮತ್ತೆ ಗಂಟು ಹಾಕುವ ಹಕ್ಕಿ ಬಂದಿದೆ ಎಂದು ಅವರಿಗೆ ದಿಗಿಲಾಯಿತು. ಯಾರಿಗಾದರೂ ಹೇಳೋಣವೆಂದರೆ ಎಲ್ಲಿಂದ ಶುರುಮಾಡಬೇಕು? ಕೊನೆಗೆ ಒಂದು ಬುಧವಾರ ಆನೇಕಲ್ಲಿಗೆ ಹೊರಟಂತೆ ಮಾಡಿ, ಹಿಂದಿರುಗಿ, ತಲೆಗೆ ಟವೆಲ್ ಹೊದ್ದು ವಾಷಿಂಗ್ ಮೆಷಿನ್ ಗಿಡದ ಹಿಂದೆ ಅಡಗಿ ಕೂತರು. ಹತ್ತೂವರೆಗೆ ಮಲಕವ್ವ ಮೆಣಸಿನಕಾಯಿ ಮೊರ ಹಿಡಿದು ಬಂದಳು. ಮೊರ ಕೆಳಗಿಟ್ಟು ನೇರ ಹೆಲ್ಮೆಟ್ಟಿನ ಹತ್ತಿರ ಹೋಗಿ ಕಾಲುಚೀಲ ಬಿಚ್ಚಿ ಹಣ್ಣು ಬಾಯಿಗೆ ಹಾಕಿಕೊಂಡಳು. ಹನುಮಯ್ಯ ಎದ್ದು ನಿಂತರು.

"ಸಿಕ್ಕಾಕ್ಕಂಡೆ ಮಲಕವ್ವ" ಅಂದರು.

ಮಲಕವ್ವ ಅವಸರ ಮಾಡಲಿಲ್ಲ. ಬಾಯಲ್ಲಿದ್ದದ್ದನ್ನು ಅಗಿದು ನುಂಗಿದಳು. "ಹೌದ್ರಿ ಅಜ್ಜಾರ, ನಾ ಹಣ್ಣ ಕದ್ದೀನಿ. ನೀವು ನಮ್ಮ ಮನಿಯಾರ ಕಾಲಚೀಲ ಕದ್ದೀರಿ. ಈಗ ಯಾರು ಯಾರ್ನ ಹಿಡದಂಗಾತು?"

ಹನುಮಯ್ಯನವರು ಟವೆಲ್ ತೆಗೆದು ಮುಖ ಒರೆಸಿಕೊಂಡು ಅಲ್ಲೇ ಕೂತರು. ಕೂತಲ್ಲಿಂದಲೇ ಕೇಳಿದರು: "ಅಣ್ಣು ಎಂಗೈತವ್ವ?"

ಸಂಗತಿ ಏನೆಂದರೆ, ನಾಲ್ಕು ವರ್ಷ ಅಷ್ಟೊಂದು ಗಿಡ ಸಾಕಿದ ಮನುಷ್ಯ ಅದರ ಒಂದು ಹಣ್ಣನ್ನೂ ತಿಂದಿರಲಿಲ್ಲ. ಸಕ್ಕರೆ ಕಾಯಿಲೆಯ ಹೆದರಿಕೆ. ಚಿಕ್ಕಮುನಿಯಮ್ಮನವರಿಗೆ ಒಳಗೆ ಹುಳ ಇರುತ್ತದೆಂಬ ಅನುಮಾನ, ಅವರು ಮುಟ್ಟುತ್ತಿರಲಿಲ್ಲ. ಹಕ್ಕಿಗಳು ತಿಂದವು, ಆದರೆ ಹಕ್ಕಿಗಳು ಹೇಳುವುದಿಲ್ಲ.

ಮಲಕವ್ವ ಯೋಚಿಸಿ ಹೇಳಿದಳು. "ಛಲೋ ಸಿಹಿ ಐತ್ರಿ. ನಮ್ಮಪ್ಪನ ತ್ವಾಟದ ಹಣ್ಣಿಗಿಂತ ಒಂದ್ ಚೂರ ಕಡಿಮಿ. ಕಾಲಚೀಲದ ವಾಸನಿ ಇರ್ಲಿಲ್ಲಂದ್ರ ಅಷ್ಟೂ ಕಡಿಮಿ ಇರ್ತಿದ್ದಿಲ್ಲ."

ಅಷ್ಟು ಕೇಳಿದ್ದೇ ಹನುಮಯ್ಯನವರ ಕಣ್ಣು ತುಂಬಿಕೊಂಡವಂತೆ. ಇದನ್ನು ಮಲಕವ್ವ ಹೇಳಿದ್ದು. ಅದು ಬೆವರು ಎಂದು ಹನುಮಯ್ಯನವರು ಹೇಳುತ್ತಾರೆ.

ಮುಂದಿನ ಭಾನುವಾರ ಮತ್ತೆ ಸಭೆ. ನಲವತ್ತೊಂದು ಕಾಲುಚೀಲವನ್ನೂ ಅವರೇ ಸೋಪು ಹಚ್ಚಿ ಒಗೆದು, ಒಣಗಿಸಿ, ಒಂದು ಮೊರದಲ್ಲಿ ಹಾಕಿಕೊಂಡು ಪಾರ್ಕಿಂಗಿಗೆ ಇಳಿದರು. ಕೋತಿ ನಾನೇ ಎಂದು ಒಪ್ಪಿಕೊಂಡರು. ಮುದಕಪ್ಪನೇ ಮೊದಲು ನಕ್ಕ. ನಾನು ಪಟ್ಟಿ ತಂದು ಒಂದೊಂದಾಗಿ ವಾರಸುದಾರರಿಗೆ ಒಪ್ಪಿಸಿದೆ. ಆಗ ಹೊಸ ತೊಂದರೆ ಕಾಣಿಸಿಕೊಂಡಿತು. ಇಷ್ಟು ದಿನದಲ್ಲಿ ಎಲ್ಲರೂ ಉಳಿದ ಒಂಟಿ ಕಾಲುಚೀಲವನ್ನು ಎಸೆದುಬಿಟ್ಟಿದ್ದರು. ಹೀಗಾಗಿ ಕಳೆದುಹೋದದ್ದು ಸಿಕ್ಕರೂ ಯಾರಿಗೂ ಜೊತೆ ಸಿಗಲಿಲ್ಲ. ಚಿಕ್ಕಮುನಿಯಮ್ಮ ಮಾತ್ರ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನಲವತ್ತೈದು ವರ್ಸ ಆಯ್ತು ನಿಮ್ ಕಟ್ಕಂಡು, ಕದಿಯಕ್ಕೂ ಸರ್ಯಾಗಿ ಬರಲ್ಲ" ಅಂದು ಒಳಗೆ ಹೋದರು. ಮಾರನೆಯ ದಿನ ಸಂತೆಯಿಂದ ಎಲ್ಲರಿಗೂ ಹೊಸ ಜೊತೆ ಬಂತು. ಎಲ್ಲ ಒಂದೇ ಅಳತೆ, ನೇರಳೆ ಬಣ್ಣ. ಆ ತಿಂಗಳು ಜಿಗಣಿಯ ಒಂಬತ್ತು ಫ್ಯಾಕ್ಟರಿಗಳಲ್ಲಿ ನೇರಳೆ ಕಾಲುಗಳು ಓಡಾಡಿದವು.

ಅಲ್ಲಿಂದ ಮುಂದೆ ತಾರಸಿಯ ಯಜಮಾನಿಕೆ ಮಲಕವ್ವನದು. ಕಾಲುಚೀಲದ ಬದಲು ಹಳೇ ಸೊಳ್ಳೆಪರದೆ ಹೊಲಿದು ಚೀಲ ಮಾಡಿದಳು. ಸವರುವ ಕಾಲ ಬಂದಾಗ ತಾನು ಕುರ್ಚಿ ಹಾಕಿಕೊಂಡು ಕೂತು ಎಲ್ಲಿ ಕತ್ತರಿಸಬೇಕೆಂದು ಬೆರಳು ತೋರಿಸಿದಳು, ಹನುಮಯ್ಯ ಕತ್ತರಿಸಿದರು. ಸಂಜೆಗೆ ಇನ್ನೂರು ತುಂಡುಗಳ ರಾಶಿ. ಅಷ್ಟನ್ನೂ ನೆಟ್ಟರೆ ನಾವೆಲ್ಲ ರೂಮು ಖಾಲಿ ಮಾಡಬೇಕಾಗುತ್ತಿತ್ತು. ಎಸೆಯಲು ಅವರು ಒಪ್ಪರು. ಮಲಕವ್ವ ಒಂದು ಉಪಾಯ ಮಾಡಿದಳು. ತನ್ನ ತಮ್ಮ ರೇವಣಸಿದ್ದ ಪೀಣ್ಯದಲ್ಲಿ ಲೇತ್ ಆಪರೇಟರ್, ನಾಗಸಂದ್ರದಲ್ಲಿ ಮನೆ, ಅವನಿಗೆ ಗಿಡವೆಂದರೆ ಪ್ರಾಣ, ಎಲ್ಲವನ್ನೂ ಅವನಿಗೆ ಕಳಿಸಿಕೊಡುತ್ತೇನೆ ಎಂದಳು. ಹನುಮಯ್ಯ ಚೀಲಗಳಲ್ಲಿ ತುಂಬಿ, ಒದ್ದೆ ಗೋಣಿ ಮುಚ್ಚಿ ಕೊಟ್ಟರು. ಅವಳು ಅದನ್ನು ಕೆಳಗೊಯ್ದು ಚಿಕ್ಕಮುನಿಯಮ್ಮನವರಿಗೆ ಕೊಟ್ಟಳು. ಆರು ವಾರ ಮನೆಯ ಸ್ನಾನದ ನೀರು ಆ ಕಡ್ಡಿಗಳ ಉರಿಯಲ್ಲೇ ಕಾದಿತು.

ಹನುಮಯ್ಯ ಮಾತ್ರ ಸಿಕ್ಕವರಿಗೆಲ್ಲ ಪೀಣ್ಯದಲ್ಲೂ ತನ್ನ ಇನ್ನೂರು ಗಿಡ ಇದೆಯೆಂದು ಹೇಳಿಕೊಂಡು ತಿರುಗಿದರು. ಹಾಗೆ ಹೇಳುತ್ತ ಹೇಳುತ್ತ ಒಂದು ದಿನ ನೋಡಿಕೊಂಡು ಬರುವ ಆಸೆ ಹುಟ್ಟಿತು. ಬರುವ ಭಾನುವಾರ ಹೋಗುತ್ತೇನೆ ಅಂದುಬಿಟ್ಟರು.

ಮಲಕವ್ವ ಅಂದು ತಮ್ಮನೊಡನೆ ಒಂದು ಗಂಟೆ ಫೋನಿನಲ್ಲಿ ಮಾತಾಡಿದಳು. ರೇವಣಸಿದ್ದನ ಮನೆಯಲ್ಲಿ ತುಳಸಿಯೂ ಇರಲಿಲ್ಲ. ಬುಧವಾರ ಹನುಮಯ್ಯ ಆನೇಕಲ್ಲಿಗೆ ಹೋದಾಗ ಮುದಕಪ್ಪ, ನಾನು ಸೇರಿ ತಾರಸಿಯ ಹಿಂದಿನ ಸಾಲಿನಿಂದ, ಇನ್ನೂ ಹೆಸರಿಡದ ಪೇಂಟ್ ಬಕೆಟ್ಟಿನ ಆರು ಗಿಡ ಇಳಿಸಿ ಟೆಂಪೋದಲ್ಲಿ ನಾಗಸಂದ್ರಕ್ಕೆ ಕಳಿಸಿದೆವು. ನಾನು ಅರ್ಧ ದಿನ ರಜೆ ಹಾಕಿದ್ದೆ. ಕಾರಣಕ್ಕೆ ಆರೋಗ್ಯ ಸರಿಯಿಲ್ಲ ಎಂದು ಬರೆದೆ.

ಭಾನುವಾರ ಹನುಮಯ್ಯ ಬಿಳಿ ಶರ್ಟು ಹಾಕಿ, ಕುರಿಗೊಬ್ಬರದ ಚೀಲ ಹಿಡಿದು ಹೊರಟರು. ಜೊತೆಗೆ ನನ್ನನ್ನೂ ಎಳೆದುಕೊಂಡರು. ಬೊಮ್ಮಸಂದ್ರದ ಮೆಟ್ರೋದಲ್ಲಿ ಚೀಲವನ್ನು ಮೆಷಿನ್ನಿಗೆ ಹಾಕಿದಾಗ ಸೆಕ್ಯುರಿಟಿಯವರು ಬಿಚ್ಚಿ ತೋರಿಸಿ ಅಂದರು. ಬಿಚ್ಚಿದರು. ಬೇಗ ಕಟ್ಟಿಕೊಂಡು ಮುಂದೆ ನಡೀರಿ ಸಾರ್ ಅಂದರು. ನಡುವೆ ಗಾಡಿ ಬದಲಿಸಿದರೂ ನಮ್ಮ ಸುತ್ತ ನಾಲ್ಕು ಸೀಟು ನಾಗಸಂದ್ರದವರೆಗೂ ಖಾಲಿ ಇದ್ದವು.

ರೇವಣಸಿದ್ದ ಆರು ಗಿಡಗಳನ್ನು ಬಾಗಿಲ ಎದುರು ಸಾಲಾಗಿಟ್ಟು, ಉಳಿದವನ್ನು ಗೆಳೆಯರಿಗೆಲ್ಲ ಹಂಚಿದೆನೆಂದು ಕಲಿಸಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ. ಹನುಮಯ್ಯ ಅವನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಒಂದು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲೆಯನ್ನು ಹೆಬ್ಬೆರಳಿನಲ್ಲಿ ಒರೆಸಿದರು. ಗುರುತು ಹಿಡಿದುಬಿಡುತ್ತಾರೇನೋ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ನೋಡ್ದಾ ದೀಪು," ಅಂದರು ನನ್ನ ಕಡೆ ತಿರುಗಿ, "ಕಡ್ಡಿ ನೆಟ್ಟು ಇನ್ನೂ ಎರಡು ತಿಂಗ್ಳಾಗಿಲ್ಲ. ಎಂಗ್ ಬಂದೈತೆ. ನಮ್ ತಾರಸೀಲಿ ಇಷ್ಟಾಗಕ್ಕೆ ಎರಡು ವರ್ಸ ಬೇಕು. ಪೀಣ್ಯದ ಅವಾ ಇದಕ್ಕೆ ಒಗ್ಗತೈತೆ ಕಣೋ."

ಗೊಬ್ಬರವನ್ನು ಆರಕ್ಕೂ ಸಮನಾಗಿ ಹಾಕಿ, ರೇವಣಸಿದ್ದನ ಬೆನ್ನು ತಟ್ಟಿದರು. ಇಷ್ಟು ಒಳ್ಳೆಯ ಕೈ ಇರುವವನಿಗೆ ಆರು ಗಿಡ ಏನೇನೂ ಸಾಲದು, ಮುಂದಿನ ವಾರ ತಾವೇ ಟೆಂಪೋ ಮಾಡಿ ಅರವತ್ತು ಗಿಡ ತಂದಿಳಿಸುವುದಾಗಿ ಮಾತು ಕೊಟ್ಟರು. ರೇವಣಸಿದ್ದ ನನ್ನ ಮುಖ ನೋಡಿದ. ನಾನು ಮೆಟ್ರೋ ಕಡೆ ನೋಡಿದೆ.

ಮಾತು ಕೊಟ್ಟಂತೆಯೇ ತಂದರು. ಈಗ ರೇವಣಸಿದ್ದ ಬೆಳಿಗ್ಗೆ ಐದಕ್ಕೆ ಎದ್ದು ನೀರು ಹಾಕುತ್ತಾನೆ, ಅಕ್ಕನಿಗೆ ಫೋನ್ ಮಾಡಿ ಬಯ್ಯುತ್ತಾನೆ. ಮೊನ್ನೆ ಬಯ್ಯಲಿಲ್ಲವಂತೆ. ಮೂರು ಕಾಯಿ ಬಿಟ್ಟಿವೆ, ಯಾವಾಗ ಕೀಳಬೇಕು ಎಂದು ಕೇಳಿದನಂತೆ.